ಕ್ರಿಯಾಪದ ಕೇಳುವುದೇನು? ಇಂಗ್ಲಿಷಿನ ವರ್ಬ್ ಮತ್ತು ಆಬ್ಜೆಕ್ಟ್‌ಗಳ ಕುರಿತು

(ಇಂಗ್ಲಿಷ್ ಕಲಿಯುವವರಿಗೂ ಕಲಿಸುವವರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯ ಭಾಗದಲ್ಲಿ ಸಭಿಕರ ಪ್ರಶ್ನೆಗಳೂ ಉತ್ತರಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ಒಂದು ವಾಕ್ಯದಿಂದಲೇ ಶುರುಮಾಡೋಣ. “ಹಿ ಎಕ್ಸ್‌ಪ್ಲೇನ್ಡ್ ಮಿ ದಿ ಪ್ರಾಬ್ಲಮ್.” ಸ್ಪೆಲಿಂಗ್ ಸರಿಯಾಗಿದೆ, ಟೆನ್ಸ್ ಸರಿಯಾಗಿದೆ, ಎಲ್ಲವೂ ಗೊತ್ತಿರುವ ಪದಗಳೇ. ಆದರೂ ವಾಕ್ಯ ತಪ್ಪು. ಅದೇ ಅಚ್ಚಿನ ಇನ್ನೊಂದು ವಾಕ್ಯ, “ಹಿ ಟೋಲ್ಡ್ ಮಿ ದಿ ಆನ್ಸರ್”, ಪೂರ್ತಿ ಸರಿ. ವಿವರಿಸುವುದಕ್ಕೂ ಹೇಳುವುದಕ್ಕೂ ಅರ್ಥದಲ್ಲಿ ಅಂಥ ದೊಡ್ಡ ಅಂತರವೇನೂ ಇಲ್ಲ. ಅಂತರ ಇರುವುದು ಆ ಎರಡು ಕ್ರಿಯಾಪದಗಳು ತಮ್ಮ ಬೆನ್ನ ಹಿಂದೆ ಏನೇನು ಬರಬಹುದು, ಯಾವ ಕ್ರಮದಲ್ಲಿ ಬರಬಹುದು ಎಂದು ಹೇಳುವುದರಲ್ಲಿ.

ಇವತ್ತಿನ ಮಾತೆಲ್ಲ ಇಷ್ಟರ ಬಗ್ಗೆಯೇ. ಇಂಗ್ಲಿಷ್ ಕ್ರಿಯಾಪದದ ಅರ್ಥ ಗೊತ್ತಾದ ಮಾತ್ರಕ್ಕೆ ಅದನ್ನು ಬಳಸಲು ಬಂದಂತಾಗಲಿಲ್ಲ. ಅದು ಕರ್ಮವನ್ನು, ಅಂದರೆ ಆಬ್ಜೆಕ್ಟನ್ನು, ಕೇಳುತ್ತದೆಯೇ, ಎಷ್ಟು ಕರ್ಮ ಕೇಳುತ್ತದೆ, ನೇರವಾಗಿ ಕೇಳುತ್ತದೆಯೇ ಅಥವಾ ನಡುವೆ ಪ್ರಿಪೊಸಿಷನ್ ಇಟ್ಟುಕೊಂಡು ಕೇಳುತ್ತದೆಯೇ ಎಂಬುದನ್ನು ಅರ್ಥದ ಜೊತೆಯಲ್ಲೇ ಕಲಿಯಬೇಕು. ನಮ್ಮಲ್ಲಿ ಹೆಚ್ಚಿನವರು ಟೆನ್ಸ್‌ಗೆ ಕೊಡುವ ಸಮಯದ ಕಾಲು ಭಾಗವನ್ನೂ ಇದಕ್ಕೆ ಕೊಡುವುದಿಲ್ಲ. ಆದರೆ ಓದುವವರಿಗೆ ತಟ್ಟನೆ ಎಡವಿದಂತಾಗುವ ತಪ್ಪುಗಳು ಬಹಳಷ್ಟು ಹುಟ್ಟುವುದು ಇಲ್ಲೇ.

ಜಾಗವೇ ವಿಭಕ್ತಿ

ಕನ್ನಡದಲ್ಲಿ ಕರ್ಮ ಯಾವುದೆಂದು ತಿಳಿಸುವುದು ಮುಖ್ಯವಾಗಿ ವಿಭಕ್ತಿ ಪ್ರತ್ಯಯ. “ನಾಯಿ ಬೆಕ್ಕನ್ನು ಓಡಿಸಿತು” ಎಂದರೂ “ಬೆಕ್ಕನ್ನು ನಾಯಿ ಓಡಿಸಿತು” ಎಂದರೂ ಓಡಿದ್ದು ಬೆಕ್ಕೇ. ಒತ್ತು ಬದಲಾಯಿತು, ಸಂಗತಿ ಬದಲಾಗಲಿಲ್ಲ. ಇಂಗ್ಲಿಷಿನಲ್ಲಿ ನಾಮಪದಕ್ಕೆ ಆ ಪ್ರತ್ಯಯವಿಲ್ಲ. “ದಿ ಡಾಗ್ ಚೇಸ್ಡ್ ದಿ ಕ್ಯಾಟ್” ಎಂಬುದನ್ನು ತಿರುಗಿಸಿದರೆ ನಾಯಿ ಓಡುತ್ತದೆ, ಬೆಕ್ಕು ಅಟ್ಟಿಸಿಕೊಂಡು ಹೋಗುತ್ತದೆ. ಕ್ರಿಯಾಪದದ ಮುಂಚಿನ ಜಾಗ ಕರ್ತೃವಿನದು, ನಂತರದ ಜಾಗ ಕರ್ಮದ್ದು. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿ ರೂಪಗಳಿದ್ದವು. ಅವು ಸವೆದುಹೋದ ಮೇಲೆ ಉಳಿದದ್ದು ಕೆಲವು ಸರ್ವನಾಮಗಳಲ್ಲಿ ಮಾತ್ರ: ಐ-ಮಿ, ಹಿ-ಹಿಮ್, ಶಿ-ಹರ್, ವಿ-ಅಸ್, ದೇ-ದೆಮ್. ಯು ಮತ್ತು ಇಟ್‌ಗೆ ಆ ಬದಲಾವಣೆಯೂ ಇಲ್ಲ.

ಜಾಗಕ್ಕೆ ಇಷ್ಟು ಬೆಲೆ ಇರುವುದರಿಂದ ಕ್ರಿಯಾಪದ ಮತ್ತು ಅದರ ನೇರ ಕರ್ಮದ ನಡುವೆ ಇನ್ನೊಂದನ್ನು ತುರುಕುವುದನ್ನು ಇಂಗ್ಲಿಷ್ ಒಪ್ಪುವುದಿಲ್ಲ. “ಶಿ ಸ್ಪೀಕ್ಸ್ ವೆರಿ ವೆಲ್ ಇಂಗ್ಲಿಷ್” ತಪ್ಪು. “ಶಿ ಸ್ಪೀಕ್ಸ್ ಇಂಗ್ಲಿಷ್ ವೆರಿ ವೆಲ್” ಸರಿ. “ಐ ಫಿನಿಶ್ಡ್ ಯೆಸ್ಟರ್‌ಡೇ ದಿ ವರ್ಕ್” ಎಂಬುದನ್ನೂ ಹೀಗೆಯೇ ತಿದ್ದಬೇಕು. ಕರ್ಮ ಬಹಳ ಉದ್ದವಾಗಿದ್ದಾಗ ಮಾತ್ರ ಅದನ್ನು ವಾಕ್ಯದ ತುದಿಗೆ ತಳ್ಳುವುದುಂಟು. ಅದು ಬರವಣಿಗೆಯ ಸೌಕರ್ಯಕ್ಕೆ. ಶುರುವಿನಲ್ಲಿ ಅದರ ಚಿಂತೆ ಬೇಡ.

ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಅವರ ಮೂವರು ಸಹಲೇಖಕರು 1985ರಲ್ಲಿ ತಂದ ದೊಡ್ಡ ವ್ಯಾಕರಣದಲ್ಲಿ ಇಂಗ್ಲಿಷ್ ವಾಕ್ಯದ ಮೂಲ ಕಟ್ಟುಗಳನ್ನು 7ಕ್ಕೆ ಇಳಿಸಿದ್ದಾರೆ. ಕ್ರಿಯಾಪದದ ನಂತರ ಏನೂ ಇಲ್ಲದಿರುವುದು ಒಂದು. ಕರ್ಮ ಇರುವುದು, ಕಾಂಪ್ಲಿಮೆಂಟ್ (ಕರ್ತೃ ಅಥವಾ ಕರ್ಮ ಏನು, ಹೇಗಿದೆ ಎಂದು ಹೇಳುವ ಪದ) ಇರುವುದು, ಜಾಗ ಅಥವಾ ಸಮಯ ಹೇಳುವ ಪದಗುಚ್ಛ ಇರುವುದು ಮೂರು. ಎರಡು ಕರ್ಮ, ಕರ್ಮದ ಜೊತೆ ಕಾಂಪ್ಲಿಮೆಂಟ್, ಕರ್ಮದ ಜೊತೆ ಜಾಗ ಹೇಳುವ ಪದಗುಚ್ಛ, ಇವು ಇನ್ನು ಮೂರು. ಏಳನ್ನೂ ಬಾಯಿಪಾಠ ಮಾಡಬೇಕಿಲ್ಲ. ಆದರೆ ಕಟ್ಟನ್ನು ನಿರ್ಧರಿಸುವುದು ಕ್ರಿಯಾಪದ ಎಂಬುದನ್ನು ಗಮನಿಸಿ. “ಪುಟ್” ಎಂಬ ಪದ ಬಾಯಿಗೆ ಬಂದ ಕೂಡಲೇ ಏನನ್ನು ಇಟ್ಟದ್ದು ಎಂದೂ ಹೇಳಬೇಕು, ಎಲ್ಲಿ ಇಟ್ಟದ್ದು ಎಂದೂ ಹೇಳಬೇಕು. “ಐ ಪುಟ್ ದಿ ಬುಕ್” ಎಂದು ನಿಲ್ಲಿಸಿದರೆ ವಾಕ್ಯ ಅರ್ಧಕ್ಕೇ ನಿಂತುಹೋಗುತ್ತದೆ.

“ಏನನ್ನು?” ಎಂದು ಕೇಳಿದರೆ ಸಾಕೇ?

ಸಕರ್ಮಕ, ಅಕರ್ಮಕ ಎಂಬ ವಿಂಗಡಣೆ ಕನ್ನಡ ವ್ಯಾಕರಣದಿಂದಲೇ ನಮಗೆ ಪರಿಚಿತ. ಕ್ರಿಯಾಪದಕ್ಕೆ “ಏನನ್ನು?” “ಯಾರನ್ನು?” ಎಂದು ಪ್ರಶ್ನೆ ಹಾಕು, ಉತ್ತರ ಬಂದರೆ ಸಕರ್ಮಕ, ಬರದಿದ್ದರೆ ಅಕರ್ಮಕ ಎಂಬ ಉಪಾಯವನ್ನೂ ಶಾಲೆಯಲ್ಲೇ ಕಲಿತಿರುತ್ತೇವೆ. ಕನ್ನಡದ ಮಟ್ಟಿಗೆ ಇದು ಒಳ್ಳೆಯ ಉಪಾಯ. ಇದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ಇಂಗ್ಲಿಷ್ ಕ್ರಿಯಾಪದದ ಜಾತಿ ನಿರ್ಧರಿಸಲು ಹೋದರೆ ಮಾತ್ರ ಪದೇ ಪದೇ ದಾರಿ ತಪ್ಪುತ್ತದೆ.

ಕನ್ನಡದಲ್ಲಿ ಸಂಗೀತ ಕೇಳುತ್ತೇವೆ, ಬೋರ್ಡ್ ನೋಡುತ್ತೇವೆ, ಗೆಳತಿಯನ್ನು ಕಾಯುತ್ತೇವೆ. ಮೂರಕ್ಕೂ “ಏನನ್ನು”, “ಯಾರನ್ನು” ಎಂಬ ಪ್ರಶ್ನೆಗೆ ಉತ್ತರವಿದೆ. ಆದರೆ ಇಂಗ್ಲಿಷಿನ ಲಿಸನ್, ಲುಕ್, ವೇಟ್ ಈ ಅರ್ಥದಲ್ಲಿ ನೇರ ಕರ್ಮ ತೆಗೆದುಕೊಳ್ಳುವುದಿಲ್ಲ. ಲಿಸನ್ ಟು ಮ್ಯೂಸಿಕ್, ಲುಕ್ ಅಟ್ ದಿ ಬೋರ್ಡ್, ವೇಟ್ ಫಾರ್ ಹರ್ ಎಂದೇ ಆಗಬೇಕು. ಇತ್ತ “ಶಿ ಬಿಕೇಮ್ ಎ ಡಾಕ್ಟರ್” ಎಂಬಲ್ಲಿ “ಏನಾದಳು?” ಎಂದು ಕೇಳಿದರೆ ಉತ್ತರ ಸಿಗುತ್ತದೆ, ಆದರೆ “ಎ ಡಾಕ್ಟರ್” ಕರ್ಮವಲ್ಲ. ಅವಳೂ ಡಾಕ್ಟರೂ ಒಬ್ಬರೇ, ಕ್ರಿಯೆ ಒಬ್ಬರಿಂದ ಇನ್ನೊಬ್ಬರ ಮೇಲೆ ಹೋಗಲಿಲ್ಲ. “ಹಿ ವೆಂಟ್ ಹೋಮ್” ಎಂಬುದರಲ್ಲಿ ಕ್ರಿಯಾಪದದ ಪಕ್ಕದಲ್ಲೇ ಕೂತಿರುವ “ಹೋಮ್” ಕೂಡ ಕರ್ಮವಲ್ಲ, ಎಲ್ಲಿಗೆ ಎಂದು ಹೇಳುವ ಪದ.

ಹಾಗಾಗಿ ಎರಡು ಪರೀಕ್ಷೆಗಳನ್ನು ಇಂಗ್ಲಿಷ್ ವಾಕ್ಯದ ಮೇಲೆಯೇ ಮಾಡಿ. ಮೊದಲನೆಯದು, ಕ್ರಿಯಾಪದದ ನಂತರದ ಗುಚ್ಛವನ್ನು ತೆಗೆದು ಅಲ್ಲಿ ಇಟ್, ಹಿಮ್, ಹರ್ ಅಥವಾ ದೆಮ್ ಹಾಕಿ ನೋಡುವುದು. “ಶಿ ರೋಟ್ ಎ ಲೆಟರ್” ಎಂಬುದು “ಶಿ ರೋಟ್ ಇಟ್” ಆಗುತ್ತದೆ. “ಹಿ ವೆಂಟ್ ಇಟ್” ಆಗುವುದಿಲ್ಲ. ಎರಡನೆಯದು ಪ್ಯಾಸಿವ್ ವಾಯ್ಸ್. ಕರ್ಮ ಮುಂದಕ್ಕೆ ಬಂದು ಕರ್ತೃವಿನ ಜಾಗದಲ್ಲಿ ನಿಲ್ಲಬಲ್ಲದೇ? “ಎ ಲೆಟರ್ ವಾಸ್ ರಿಟನ್” ಆಗುತ್ತದೆ. “ಎ ಡಾಕ್ಟರ್ ವಾಸ್ ಬಿಕಮ್” ಎಂದು ಯಾರೂ ಹೇಳುವುದಿಲ್ಲ.

ಪ್ಯಾಸಿವ್ ಪರೀಕ್ಷೆಗೂ ಮಿತಿ ಇದೆ. ಹ್ಯಾವ್, ಲ್ಯಾಕ್, ರಿಸೆಂಬಲ್, ಅಳತೆ ಸರಿಹೋಗುವ ಅರ್ಥದ ಫಿಟ್, ಒಪ್ಪುವ ಅರ್ಥದ ಸೂಟ್, ಇವೆಲ್ಲ ಕರ್ಮ ತೆಗೆದುಕೊಂಡರೂ ಪ್ಯಾಸಿವ್‌ಗೆ ಬಗ್ಗುವುದಿಲ್ಲ. “ದಿ ಶರ್ಟ್ ಫಿಟ್ಸ್ ಮಿ” ಸರಿ, ಅದನ್ನು ತಿರುವಿ ಹಾಕಿ “ಐ ಆಮ್ ಫಿಟೆಡ್ ಬೈ ದಿ ಶರ್ಟ್” ಎನ್ನಲಾಗದು. ಇವು ಕ್ರಿಯೆ ಹೇಳುವ ಪದಗಳಲ್ಲ, ಸ್ಥಿತಿ ಅಥವಾ ಸಂಬಂಧ ಹೇಳುವ ಪದಗಳು. ಆದ್ದರಿಂದ ಪ್ಯಾಸಿವ್ ಆದರೆ ಕರ್ಮ ಇದೆ ಎಂದು ಧೈರ್ಯವಾಗಿ ಹೇಳಿ, ಆಗದಿದ್ದರೆ ಮೊದಲ ಪರೀಕ್ಷೆಯನ್ನೂ ನೋಡಿ.

ಇದರ ಇನ್ನೊಂದು ಮುಖ ಇನ್ನೂ ಮುಖ್ಯ. ಕರ್ಮವನ್ನೇ ತೆಗೆದುಕೊಳ್ಳದ ಕ್ರಿಯಾಪದವನ್ನು ಪ್ಯಾಸಿವ್ ಮಾಡಲು ಬರುವುದಿಲ್ಲ. “ದಿ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್” ಎಂಬುದು ಓದಿದವರ ಬರಹದಲ್ಲೂ ಕಾಣುವ ತಪ್ಪು. ಅಪಘಾತ ತಾನಾಗಿ ಆದದ್ದಲ್ಲ, ಆದ್ದರಿಂದ ಪ್ಯಾಸಿವ್ ಬೇಕು ಎಂಬ ತರ್ಕ ಇದರ ಹಿಂದಿರಬಹುದು. ವ್ಯಾಕರಣ ಆ ತರ್ಕವನ್ನು ಕೇಳುವುದಿಲ್ಲ. ಹ್ಯಾಪನ್, ಅಕರ್, ಅಪಿಯರ್, ಡಿಸಪಿಯರ್, ಅರೈವ್, ಡೈ, ಎಕ್ಸಿಸ್ಟ್, ಬಿಲಾಂಗ್, ಕನ್ಸಿಸ್ಟ್ ಇವೆಲ್ಲ ಅಕರ್ಮಕ. “ದಿ ಆಕ್ಸಿಡೆಂಟ್ ಹ್ಯಾಪನ್ಡ್ ಅಟ್ ನೈನ್”, “ದಿ ಟೀಮ್ ಕನ್ಸಿಸ್ಟ್ಸ್ ಆಫ್ ಸಿಕ್ಸ್ ಪೀಪಲ್”, ಅಷ್ಟೇ. ಟೇಕ್ ಪ್ಲೇಸ್ ಕೂಡ ಈ ಸಾಲಿನದೇ. “ದಿ ಮೀಟಿಂಗ್ ವಾಸ್ ಟೇಕನ್ ಪ್ಲೇಸ್” ಎಂದು ಬರೆಯಬೇಡಿ.

ಎರಡೂ ಕಡೆ ನಿಲ್ಲುವ ಕ್ರಿಯಾಪದಗಳು

ಇಂಗ್ಲಿಷಿನ ಬಹಳಷ್ಟು ಕ್ರಿಯಾಪದಗಳು ಒಮ್ಮೆ ಸಕರ್ಮಕ, ಒಮ್ಮೆ ಅಕರ್ಮಕ. ಆದ್ದರಿಂದ “ಇದು ಸಕರ್ಮಕವೇ?” ಎಂದು ಪದವನ್ನು ಒಂಟಿಯಾಗಿ ಹಿಡಿದು ಕೇಳುವುದಕ್ಕಿಂತ “ಈ ವಾಕ್ಯದಲ್ಲಿ ಸಕರ್ಮಕವೇ?” ಎಂದು ಕೇಳುವುದು ಮೇಲು. ಇವುಗಳಲ್ಲಿ ಎರಡು ಬಗೆಗಳಿವೆ, ಅವನ್ನು ಬೆರೆಸಬಾರದು.

ಒಂದು ಬಗೆಯಲ್ಲಿ ಕರ್ಮ ಸುಮ್ಮನೆ ಮರೆಯಾಗುತ್ತದೆ. “ಶಿ ಈಸ್ ಈಟಿಂಗ್ ಆ್ಯನ್ ಆ್ಯಪಲ್” ಮತ್ತು “ಶಿ ಈಸ್ ಈಟಿಂಗ್”, ಎರಡರಲ್ಲೂ ತಿನ್ನುವವಳು ಅವಳೇ. ರೀಡ್, ರೈಟ್, ಕುಕ್, ಡ್ರೈವ್ ಹೀಗೇ. ಇನ್ನೊಂದು ಬಗೆಯಲ್ಲಿ ಕರ್ಮವೇ ಕರ್ತೃವಿನ ಜಾಗಕ್ಕೆ ಏರುತ್ತದೆ. “ಶಿ ಓಪನ್ಡ್ ದಿ ಡೋರ್”, “ದಿ ಡೋರ್ ಓಪನ್ಡ್”. ಬ್ರೇಕ್, ಬಾಯ್ಲ್, ಮೆಲ್ಟ್, ಸ್ಟಾರ್ಟ್, ಚೇಂಜ್, ಇನ್‌ಕ್ರೀಸ್ ಈ ಬಗೆಯವು.

ಕನ್ನಡ ಮಾತಾಡುವವರು ಈ ಎರಡನೆಯ ಬಗೆಯಲ್ಲಿ ಎಡವಲು ಸ್ಪಷ್ಟ ಕಾರಣವಿದೆ. ನಾವು ಈ ವ್ಯತ್ಯಾಸವನ್ನು ಕ್ರಿಯಾಪದದ ಮೇಲೇ ಗುರುತು ಹಾಕಿ ತೋರಿಸುತ್ತೇವೆ: ನೀರು ಕುದಿಯಿತು, ನೀರು ಕುದಿಸಿದಳು. ಕರಗು-ಕರಗಿಸು, ಶುರುವಾಗು-ಶುರುಮಾಡು, ಬದಲಾಗು-ಬದಲಾಯಿಸು. ಇಂಗ್ಲಿಷಿನ ಬಾಯ್ಲ್, ಮೆಲ್ಟ್, ಸ್ಟಾರ್ಟ್, ಚೇಂಜ್ ಎರಡಕ್ಕೂ ಒಂದೇ ರೂಪ. “ಶುರುವಾಯಿತು” ಎಂಬುದರ “ಆಗು”ವನ್ನು ಹೇಗಾದರೂ ತರಬೇಕೆಂದು “ದಿ ಮೀಟಿಂಗ್ ವಾಸ್ ಸ್ಟಾರ್ಟೆಡ್ ಅಟ್ ಟೆನ್” ಎನ್ನುತ್ತೇವೆ. “ದಿ ಮೀಟಿಂಗ್ ಸ್ಟಾರ್ಟೆಡ್ ಅಟ್ ಟೆನ್” ಎಂದರೆ ಸಾಕು. “ದಿ ವಿಂಡೋ ಬ್ರೋಕ್” ಮತ್ತು “ದಿ ವಿಂಡೋ ವಾಸ್ ಬ್ರೋಕನ್” ಎರಡೂ ಸರಿಯಾದ ವಾಕ್ಯಗಳೇ. ಮೊದಲನೆಯದರಲ್ಲಿ ಒಡೆದವರ ಪ್ರಸ್ತಾಪವೇ ಇಲ್ಲ. ಎರಡನೆಯದರಲ್ಲಿ ಯಾರೋ ಒಡೆದರು ಎಂಬ ನೆರಳಿದೆ, ಅಥವಾ ಕಿಟಕಿ ಆಗಲೇ ಒಡೆದ ಸ್ಥಿತಿಯಲ್ಲಿತ್ತು ಎಂಬ ಅರ್ಥವಿದೆ.

ಎಲ್ಲ ಕ್ರಿಯಾಪದಗಳೂ ಹೀಗೆ ಎರಡು ಕಡೆ ನಿಲ್ಲಲಾರವು. ಬ್ರೇಕ್ ನಿಲ್ಲುತ್ತದೆ, ಕಟ್ ನಿಲ್ಲುವುದಿಲ್ಲ. “ದಿ ಬ್ರೆಡ್ ಕಟ್” ಎಂದು ರೊಟ್ಟಿ ತಾನೇ ತುಂಡಾದ ಅರ್ಥದಲ್ಲಿ ಹೇಳಲಾಗದು. ಭಾಷಾವಿಜ್ಞಾನಿ ಬೆತ್ ಲೆವಿನ್ 1993ರಲ್ಲಿ 3,000ಕ್ಕೂ ಹೆಚ್ಚು ಇಂಗ್ಲಿಷ್ ಕ್ರಿಯಾಪದಗಳನ್ನು ಇಂಥ ವರ್ತನೆಯ ಆಧಾರದ ಮೇಲೆ ಗುಂಪು ಮಾಡಿ ತೋರಿಸಿದರು. ಕ್ರಿಯಾಪದದ ಅರ್ಥಕ್ಕೂ ಅದರ ವಾಕ್ಯರಚನೆಗೂ ನಂಟಿದೆ ಎಂಬುದು ಆ ಕೆಲಸದ ತಿರುಳು. ಕತ್ತರಿಸಲು ಹರಿತವಾದ ಸಾಧನವೂ ಅದನ್ನು ಹಿಡಿದವರೂ ಬೇಕೇ ಬೇಕು, ಹಾಗಾಗಿ ಕಟ್‌ಗೆ ಮಾಡುವವರನ್ನು ಬಿಟ್ಟುಕೊಡಲಾಗದು. ಒಡೆಯುವುದು ಹೇಗೂ ಆಗಬಹುದು. ಇಂಥ ಕಾರಣ ಕಂಡುಕೊಂಡು ಕಲಿತರೆ ಪಟ್ಟಿ ಉರುಹೊಡೆಯುವ ಕೆಲಸ ಅರ್ಧವಾಗುತ್ತದೆ.

ನಮ್ಮ ಕುದಿ-ಕುದಿಸುವಿನಂಥ ಜೋಡಿಗಳು ಇಂಗ್ಲಿಷಿನಲ್ಲೂ ಬೆರಳೆಣಿಕೆಯಷ್ಟು ಉಳಿದಿವೆ. ರೈಸ್ ಅಕರ್ಮಕ, ರೇಸ್ ಸಕರ್ಮಕ: “ಪ್ರೈಸಸ್ ರೋಸ್”, “ದೇ ರೇಸ್ಡ್ ಪ್ರೈಸಸ್”. ಸಿಟ್ ಮತ್ತು ಸೆಟ್, ಫಾಲ್ ಮತ್ತು ಮರ ಉರುಳಿಸುವ ಅರ್ಥದ ಫೆಲ್ ಕೂಡ ಹೀಗೆ ಹುಟ್ಟಿದ ಜೋಡಿಗಳು. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಲೈ ಮತ್ತು ಲೇ. ಮಲಗು, ಬಿದ್ದಿರು ಎಂಬ ಅರ್ಥದ ಲೈ ಅಕರ್ಮಕ. ಅದರ ರೂಪಗಳು ಲೈ, ಲೇ, ಲೇನ್, ಲೈಯಿಂಗ್. ಇರಿಸು, ಮಲಗಿಸು ಎಂಬ ಅರ್ಥದ ಲೇ ಸಕರ್ಮಕ. ಅದರ ರೂಪಗಳು ಲೇ, ಲೇಡ್, ಲೇಡ್, ಲೇಯಿಂಗ್. ಮೊದಲನೆಯದರ ಭೂತಕಾಲ ಎರಡನೆಯದರ ವರ್ತಮಾನದ ಹಾಗೇ ಇರುವುದರಿಂದ ಗೊಂದಲ. “ಹಿ ಲೇ ಆನ್ ದಿ ಬೆಡ್” ಎಂದರೆ ಅವನು ಮಲಗಿದ್ದ. “ಹಿ ಲೇಡ್ ದಿ ಬೇಬಿ ಆನ್ ದಿ ಬೆಡ್” ಎಂದರೆ ಮಗುವನ್ನು ಮಲಗಿಸಿದ. ಸುಳ್ಳು ಹೇಳು ಎಂಬ ಅರ್ಥದ ಲೈ ಬೇರೆಯದೇ ಪದ, ಅದು ಲೈ, ಲೈಡ್, ಲೈಡ್ ಎಂದು ಸಾಗುತ್ತದೆ.

ಕರ್ಮವನ್ನು ಬಿಟ್ಟುಬಿಡುವ ತಪ್ಪು

ಕನ್ನಡದಲ್ಲಿ ಹಿಂದಿನ ಮಾತಿನಿಂದ ಗೊತ್ತಾಗುವ ಕರ್ಮವನ್ನು ಮತ್ತೆ ಹೇಳುವುದಿಲ್ಲ. “ಪುಸ್ತಕ ಕೊಂಡೆ, ಅವಳಿಗೆ ಕೊಟ್ಟೆ” ಎಂದರೆ ಕೊಟ್ಟದ್ದೇನು ಎಂದು ಯಾರೂ ಕೇಳರು. ಇಂಗ್ಲಿಷಿನಲ್ಲಿ “ಐ ಬಾಟ್ ಎ ಬುಕ್ ಆ್ಯಂಡ್ ಗೇವ್ ಟು ಹರ್” ಎಂದರೆ ಗೇವ್ ನಂತರದ ಜಾಗ ಖಾಲಿಯಾಗಿ ಕಣ್ಣಿಗೆ ಹೊಡೆಯುತ್ತದೆ. “ಗೇವ್ ಇಟ್ ಟು ಹರ್” ಎನ್ನಬೇಕು. “ಡು ಯು ಲೈಕ್?” ಎಂದು ನಿಲ್ಲಿಸುವಂತಿಲ್ಲ, “ಡು ಯು ಲೈಕ್ ಇಟ್?” ಆಗಬೇಕು. ಬ್ರಿಂಗ್, ಟೇಕ್, ವಾಂಟ್, ನೀಡ್, ಲೈಕ್ ಇವೆಲ್ಲ ಸಾಮಾನ್ಯ ಬಳಕೆಯಲ್ಲಿ ಕರ್ಮವನ್ನು ಬಾಯಿಬಿಟ್ಟು ಕೇಳುತ್ತವೆ. ನೋ, ಅಂಡರ್‌ಸ್ಟ್ಯಾಂಡ್, ಫರ್ಗೆಟ್, ರಿಮೆಂಬರ್ ಮಾತ್ರ ಸಂದರ್ಭ ಸ್ಪಷ್ಟವಿದ್ದರೆ ಒಂಟಿಯಾಗಿ ನಿಲ್ಲುತ್ತವೆ: “ಐ ನೋ”, “ಐ ಫರ್ಗಾಟ್”. ಎಂಜಾಯ್‌ನದೂ ಇದೇ ಕಥೆ. ಪ್ರವಾಸ ಹೇಗಿತ್ತೆಂದರೆ “ಐ ಎಂಜಾಯ್ಡ್” ಎನ್ನುತ್ತೇವೆ. “ಐ ಎಂಜಾಯ್ಡ್ ಇಟ್” ಅಥವಾ “ಐ ಎಂಜಾಯ್ಡ್ ಮೈಸೆಲ್ಫ್” ಸರಿಯಾದ ರೂಪ. ಇಲ್ಲಿ ಮೈಸೆಲ್ಫ್ ಅಲಂಕಾರಕ್ಕೆ ಬಂದದ್ದಲ್ಲ, ಕರ್ಮದ ಜಾಗ ತುಂಬಲು ಬಂದದ್ದು.

ಬೇಡದ ಪ್ರಿಪೊಸಿಷನ್ ಬರುವುದು ಎಲ್ಲಿಂದ?

“ಡಿಸ್ಕಸ್ ಅಬೌಟ್” ತಪ್ಪು ಎಂದು ಎಲ್ಲರೂ ಕೇಳಿರುತ್ತೀರಿ. ಯಾಕೆ ಆ ತಪ್ಪು ಆಗುತ್ತದೆ ಎಂದು ತಿಳಿದರೆ ಒಂದೇ ಏಟಿಗೆ ಹತ್ತು ತಪ್ಪುಗಳನ್ನು ತಡೆಯಬಹುದು. ಹೆಚ್ಚಿನ ಕಡೆ ಕಾರಣ ನಾಮಪದ ರೂಪ. “ಎ ಡಿಸ್ಕಶನ್ ಅಬೌಟ್ ದಿ ಪ್ಲಾನ್” ಸರಿ, ಏಕೆಂದರೆ ಇಂಗ್ಲಿಷ್ ನಾಮಪದ ನೇರ ಕರ್ಮವನ್ನು ತೆಗೆದುಕೊಳ್ಳುವುದಿಲ್ಲ, ನಡುವೆ ಪ್ರಿಪೊಸಿಷನ್ ಬೇಕು. ಅದೇ ಅಬೌಟ್ ಅಭ್ಯಾಸಬಲದಿಂದ ಕ್ರಿಯಾಪದಕ್ಕೂ ಅಂಟಿಕೊಳ್ಳುತ್ತದೆ. ಎ ರಿಕ್ವೆಸ್ಟ್ ಫಾರ್ ಹೆಲ್ಪ್, ಆದರೆ ರಿಕ್ವೆಸ್ಟ್ ಹೆಲ್ಪ್. ಆ್ಯನ್ ಎಂಫಸಿಸ್ ಆನ್ ಕ್ವಾಲಿಟಿ, ಆದರೆ ಎಂಫಸೈಜ್ ಕ್ವಾಲಿಟಿ. ಎ ಲ್ಯಾಕ್ ಆಫ್ ಟೈಮ್, ಆದರೆ “ವಿ ಲ್ಯಾಕ್ ಟೈಮ್”. ಆ್ಯನ್ ಅಟ್ಯಾಕ್ ಆನ್ ದಿ ಟೌನ್, ಆದರೆ ಅಟ್ಯಾಕ್ ದಿ ಟೌನ್. ಎ ರಿಸೆಂಬ್ಲನ್ಸ್ ಟು ಹರ್ ಮದರ್, ಆದರೆ “ಶಿ ರಿಸೆಂಬಲ್ಸ್ ಹರ್ ಮದರ್”. ಆರ್ಡರ್, ಕಾಂಟ್ಯಾಕ್ಟ್, ಅಪ್ರೋಚ್, ಮ್ಯಾರಿ ಇವನ್ನೂ ಇದೇ ಕಣ್ಣಿನಿಂದ ನೋಡಿ. ಬರೆದ ವಾಕ್ಯದಲ್ಲಿ ಅನುಮಾನ ಬಂದರೆ ನೀವು ಬಳಸಿರುವುದು ಕ್ರಿಯಾಪದವೋ ನಾಮಪದವೋ ಎಂದು ಮೊದಲು ಕೇಳಿಕೊಳ್ಳಿ.

ಇನ್ನೊಂದು ಕಾರಣ ಒಂದೇ ಅರ್ಥದ ಅಕ್ಕಪಕ್ಕದ ಪದಗಳು. ವೇಟ್ ಫಾರ್ ಇದೆ, ಆದರೆ ಅವೇಟ್‌ಗೆ ಫಾರ್ ಬೇಡ. ರಿಪ್ಲೈ ಟು ಎ ಲೆಟರ್, ಆದರೆ ಆನ್ಸರ್ ಎ ಲೆಟರ್. ಅರೈವ್ ಅಟ್ ದಿ ಸ್ಟೇಷನ್, ಆದರೆ ರೀಚ್ ದಿ ಸ್ಟೇಷನ್. ಕೋಣೆಯೊಳಗೆ ಹೋಗುವುದಕ್ಕೆ ಗೋ ಇಂಟು ದಿ ರೂಮ್ ಎಂದರೂ ಎಂಟರ್ ದಿ ರೂಮ್ ಎಂದರೂ ಸರಿ, ಎಂಟರ್ ಇಂಟು ದಿ ರೂಮ್ ಬೇಡ. ಒಪ್ಪಂದ ಮಾಡಿಕೊಳ್ಳುವ ಅರ್ಥದಲ್ಲಿ ಮಾತ್ರ ಎಂಟರ್ ಇಂಟು ಆ್ಯನ್ ಅಗ್ರೀಮೆಂಟ್ ಎಂಬುದು ಸರಿಯಾದ ಬಳಕೆ.

ಪ್ರಿಪೊಸಿಷನ್ ಇದ್ದರೆ ಒಂದರ್ಥ, ಇಲ್ಲದಿದ್ದರೆ ಇನ್ನೊಂದರ್ಥ ಕೊಡುವ ಪದಗಳೂ ಉಂಟು. “ದೇ ಸರ್ಚ್ಡ್ ದಿ ರೂಮ್” ಎಂದರೆ ಕೋಣೆಯನ್ನೆಲ್ಲ ಜಾಲಾಡಿದರು. “ದೇ ಸರ್ಚ್ಡ್ ಫಾರ್ ದಿ ಕೀ” ಎಂದರೆ ಕೀಲಿಗಾಗಿ ಹುಡುಕಿದರು. “ದೇ ಸರ್ಚ್ಡ್ ದಿ ಕೀ” ಎಂದುಬಿಟ್ಟರೆ ಕೀಲಿಯ ಒಳಗೆ ಏನನ್ನೋ ಹುಡುಕಿದಂತಾಗುತ್ತದೆ.

ಎರಡು ಕರ್ಮಗಳು

ಈಗ ಮೊದಲ ವಾಕ್ಯದ ವಿಷಯಕ್ಕೆ ಬರೋಣ. ಗಿವ್, ಸೆಂಡ್, ಶೋ, ಟೆಲ್, ಟೀಚ್, ಲೆಂಡ್, ಆಫರ್, ಇವು ದ್ವಿಕರ್ಮಕಗಳು. ಪಡೆಯುವವರು ಪರೋಕ್ಷ ಕರ್ಮ, ಪಡೆದ ವಸ್ತು ನೇರ ಕರ್ಮ. “ಐ ಗೇವ್ ಹರ್ ಎ ಪೆನ್” ಎಂಬಲ್ಲಿ ವ್ಯಕ್ತಿ ಮೊದಲು, ವಸ್ತು ಆಮೇಲೆ, ನಡುವೆ ಟು ಇಲ್ಲ. “ಐ ಗೇವ್ ಎ ಪೆನ್ ಟು ಹರ್” ಎಂಬಲ್ಲಿ ವಸ್ತು ಮೊದಲು, ವ್ಯಕ್ತಿ ಆಮೇಲೆ, ಟು ಬೇಕು. ಇವೆರಡನ್ನು ಬೆರೆಸಿ “ಐ ಗೇವ್ ಟು ಹರ್ ಎ ಪೆನ್” ಎನ್ನುವುದು ನಮ್ಮ “ಗೆ” ಪ್ರತ್ಯಯದ ಪ್ರಭಾವ. ಬೈ, ಮೇಕ್, ಕುಕ್, ಫೈಂಡ್, ಗೆಟ್ ಇವುಗಳಿಗೆ ಟು ಬದಲು ಫಾರ್: “ಐ ಬಾಟ್ ಎ ಪೆನ್ ಫಾರ್ ಹರ್”. ವಸ್ತುವನ್ನು ದಾಟಿಸುವ ಕ್ರಿಯೆಗೆ ಟು, ಇನ್ನೊಬ್ಬರಿಗೋಸ್ಕರ ಮಾಡುವ ಕ್ರಿಯೆಗೆ ಫಾರ್ ಎಂದು ನೆನಪಿಟ್ಟರೆ ಬಹುಪಾಲು ಸರಿಹೋಗುತ್ತದೆ. ವಸ್ತು ಇಟ್ ಅಥವಾ ದೆಮ್ ಆಗಿದ್ದರೆ “ಗಿವ್ ಇಟ್ ಟು ಮಿ” ಎಂಬ ಕ್ರಮವನ್ನೇ ಬಳಸಿ.

ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಸೇ, ಮೆನ್ಷನ್, ಅನೌನ್ಸ್, ಇಂಟ್ರೊಡ್ಯೂಸ್, ರಿಪೋರ್ಟ್, ಡೊನೇಟ್ ಇವಕ್ಕೆ ಮೊದಲ ಕ್ರಮ ಇಲ್ಲವೇ ಇಲ್ಲ. ಎರಡನೆಯದು ಮಾತ್ರ. “ಹಿ ಎಕ್ಸ್‌ಪ್ಲೇನ್ಡ್ ದಿ ಪ್ರಾಬ್ಲಮ್ ಟು ಮಿ”, “ಶಿ ಸಜೆಸ್ಟೆಡ್ ಎ ಬುಕ್ ಟು ಮಿ”. ಇವುಗಳಲ್ಲಿ ಹೆಚ್ಚಿನವು ಲ್ಯಾಟಿನ್ ಮೂಲದವು, ಒಂದಕ್ಕಿಂತ ಹೆಚ್ಚು ಸಿಲಬಲ್‌ಗಳ (ಉಚ್ಚಾರದ ತುಣುಕುಗಳ) ಉದ್ದದ ಪದಗಳು. ಗಿವ್, ಸೆಂಡ್, ಟೆಲ್‌ನಂಥವು ಇಂಗ್ಲಿಷಿನ ಹಳೆಯ ಚಿಕ್ಕ ಪದಗಳು. ಇದು ಕಟ್ಟುನಿಟ್ಟಿನ ನಿಯಮವಲ್ಲ, ಆಫರ್ ಮತ್ತು ಪ್ರಾಮಿಸ್ ಈ ಗೆರೆಯನ್ನು ದಾಟುತ್ತವೆ, ಸೇ ಚಿಕ್ಕ ಪದವಾಗಿಯೂ ಎರಡು ಕರ್ಮ ಒಪ್ಪುವುದಿಲ್ಲ. ಆದರೂ ಹೊಸದೊಂದು ಉದ್ದದ ಕ್ರಿಯಾಪದ ಎದುರಾದಾಗ ಟು ಹಾಕಿ ಬರೆಯುವುದು ಸುರಕ್ಷಿತ.

ಸೇ ಮತ್ತು ಟೆಲ್ ನಡುವಿನ ಗೊಂದಲ ಇಲ್ಲಿಯದೇ. ಟೆಲ್‌ಗೆ ಕೇಳುಗ ಬೇಕು: “ಶಿ ಟೋಲ್ಡ್ ಮಿ ದ್ಯಾಟ್...”. ಸೇಗೆ ಕೇಳುಗ ಬೇಡ: “ಶಿ ಸೆಡ್ ದ್ಯಾಟ್...”. “ಟೋಲ್ಡ್ ಟು ಮಿ ದ್ಯಾಟ್”, “ಸೆಡ್ ಮಿ ದ್ಯಾಟ್”, “ಟೋಲ್ಡ್ ದ್ಯಾಟ್” ಮೂರೂ ತಪ್ಪು. ಆಸ್ಕ್ ಕೂಡ ಟೆಲ್‌ನ ಹಾಗೆ ವ್ಯಕ್ತಿಯನ್ನು ನೇರವಾಗಿ ತೆಗೆದುಕೊಳ್ಳುತ್ತದೆ. “ಐ ಆಸ್ಕ್ಡ್ ಟು ಹಿಮ್” ಎಂಬುದರಲ್ಲಿನ ಟು, “ಅವನಿಗೆ ಕೇಳಿದೆ” ಎಂಬುದರ ನೆರಳು.

ಮೂರನೆಯ ಗುಂಪೊಂದಿದೆ, ಪಾಠಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಗುತ್ತಿಲ್ಲ. ಇನ್‌ಫಾರ್ಮ್, ರಿಮೈಂಡ್, ಅಕ್ಯೂಸ್, ರಾಬ್ ಇವು ವ್ಯಕ್ತಿಯನ್ನೇ ನೇರ ಕರ್ಮ ಮಾಡಿಕೊಂಡು ವಿಷಯವನ್ನು ಆಫ್ ಮೂಲಕ ತರುತ್ತವೆ: “ದೇ ಇನ್‌ಫಾರ್ಮ್ಡ್ ಮಿ ಆಫ್ ದಿ ಚೇಂಜ್”. ಪ್ರೊವೈಡ್, ಸಪ್ಲೈ ವ್ಯಕ್ತಿಯ ನಂತರ ವಿತ್ ಕೇಳುತ್ತವೆ. ಕಚೇರಿ ಪತ್ರಗಳಲ್ಲಿ ದಿನವೂ ಬೇಕಾಗುವ ಪದಗಳಿವು.

ಕರ್ಮವಲ್ಲದ್ದು ಕರ್ಮದಂತೆ ಕಂಡಾಗ

ಬಿ, ಬಿಕಮ್, ಸೀಮ್, ರಿಮೇನ್, ಇವು ಲಿಂಕಿಂಗ್ ವರ್ಬ್‌ಗಳು. ಲುಕ್, ಫೀಲ್, ಸ್ಮೆಲ್, ಟೇಸ್ಟ್, ಸೌಂಡ್ ಕೂಡ ಒಂದು ಅರ್ಥದಲ್ಲಿ ಲಿಂಕಿಂಗ್. ಇವುಗಳ ನಂತರ ಬರುವುದು ಕರ್ತೃವಿನ ಗುಣ ಹೇಳುವ ಕಾಂಪ್ಲಿಮೆಂಟ್. ಹಾಗಾಗಿ ಅಲ್ಲಿ ಅಡ್ವರ್ಬ್ ಬರದು, ಅಡ್ಜೆಕ್ಟಿವ್ ಬರಬೇಕು. “ದಿ ಸೂಪ್ ಟೇಸ್ಟ್ಸ್ ಗುಡ್”, “ಶಿ ಲುಕ್ಸ್ ಹ್ಯಾಪಿ”. ಕ್ರಿಯಾಪದ ತೆಗೆದು ಈಸ್ ಹಾಕಿದರೂ ವಾಕ್ಯ ನಿಂತರೆ ಅದು ಲಿಂಕಿಂಗ್. “ಶಿ ಲುಕ್ಡ್ ಆ್ಯಂಗ್ರಿಲಿ ಅಟ್ ಮಿ” ಎಂಬಲ್ಲಿ ಹಾಗೆ ಮಾಡಲಾಗದು, ಅಲ್ಲಿ ಲುಕ್ ನಿಜವಾದ ಕ್ರಿಯೆ, ಅದಕ್ಕೆ ಅಡ್ವರ್ಬೇ ಸರಿ.

ಕಾಂಪ್ಲಿಮೆಂಟ್ ಕರ್ಮಕ್ಕೂ ಬರಬಹುದು. “ವಿ ಪೇಂಟೆಡ್ ದಿ ವಾಲ್ ವೈಟ್”, “ದೇ ಎಲೆಕ್ಟೆಡ್ ಹರ್ ಪ್ರೆಸಿಡೆಂಟ್”. ಎರಡು ಕರ್ಮಕ್ಕೂ ಇದಕ್ಕೂ ವ್ಯತ್ಯಾಸ ತೋರಿಸಲು ಈ ಎರಡು ವಾಕ್ಯ ಸಾಕು: “ಶಿ ಮೇಡ್ ಹಿಮ್ ಎ ಕೇಕ್”, “ಶಿ ಮೇಡ್ ಹಿಮ್ ಎ ಮ್ಯಾನೇಜರ್”. ಮೊದಲನೆಯದರಲ್ಲಿ ಅವನು ಬೇರೆ, ಕೇಕ್ ಬೇರೆ. ಎರಡನೆಯದರಲ್ಲಿ ಅವನೇ ಮ್ಯಾನೇಜರ್. ನಡುವೆ ಈಸ್ ಇಟ್ಟು ಓದಿ: “ಹಿ ಈಸ್ ಎ ಮ್ಯಾನೇಜರ್” ಹೊಂದುತ್ತದೆ, “ಹಿ ಈಸ್ ಎ ಕೇಕ್” ಹೊಂದುವುದಿಲ್ಲ.

ಫ್ರೇಸಲ್ ವರ್ಬ್‌ಗಳ, ಅಂದರೆ ಆಫ್, ಅಪ್‌ನಂಥ ಚಿಕ್ಕ ಪದದ ಜೊತೆ ಸೇರಿ ಒಂದೇ ಅರ್ಥ ಕೊಡುವ ಕ್ರಿಯಾಪದಗಳ ಬಗ್ಗೆ ಒಂದೇ ಮಾತು. ಟರ್ನ್ ಆಫ್, ಪಿಕ್ ಅಪ್, ಫಿಲ್ ಇನ್ ಮುಂತಾದವುಗಳಲ್ಲಿ ನಾಮಪದ ಕೊನೆಗೂ ಬರಬಹುದು, ನಡುವೆಯೂ ಬರಬಹುದು. ಸರ್ವನಾಮವಾದರೆ ನಡುವೆಯೇ ಬರಬೇಕು: “ಟರ್ನ್ ಇಟ್ ಆಫ್”. ಲುಕ್ ಆಫ್ಟರ್, ಲುಕ್ ಅಟ್‌ಗಳಲ್ಲಿ ಎರಡನೆಯ ಪದ ನಿಜವಾದ ಪ್ರಿಪೊಸಿಷನ್. ಅಲ್ಲಿ ಸರ್ವನಾಮವೂ ಕೊನೆಗೇ: “ಲುಕ್ ಆಫ್ಟರ್ ಇಟ್”.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು

ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅವರೂ ಅವರ ಸಂಗಡಿಗರೂ ಸೇರಿ ತಯಾರಿಸಿದ, 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ನಿಘಂಟಿನಲ್ಲಿ ಕ್ರಿಯಾಪದಗಳಿಗೆ 25 ವಿನ್ಯಾಸಗಳನ್ನು ಗುರುತಿಸಿ, ಯಾವ ಪದಕ್ಕೆ ಯಾವ ವಿನ್ಯಾಸ ಎಂದು ನಮೂದಿಸಿದ್ದರು. ಕಲಿಯುವವರಿಗೆ ಅರ್ಥವೊಂದೇ ಸಾಲದು ಎಂಬ ಅರಿವಿನಿಂದ ಆದ ಕೆಲಸ ಅದು. ಇಂದಿನ ಕಲಿಕೆಯ ನಿಘಂಟುಗಳಲ್ಲೂ ಕ್ರಿಯಾಪದದ ಪಕ್ಕ ಟ್ರಾನ್ಸಿಟಿವ್‌ಗೆ ಟಿ, ಇನ್‌ಟ್ರಾನ್ಸಿಟಿವ್‌ಗೆ ಐ ಎಂಬ ಗುರುತು ಸಾಮಾನ್ಯ. ಹೆಚ್ಚಿನವರ ಕಣ್ಣು ಅದನ್ನು ಹಾರಿಸಿ ಅರ್ಥಕ್ಕೆ ಹೋಗಿಬಿಡುತ್ತದೆ. ಮೊದಲು ಗುರುತು ನೋಡಿ, ಆಮೇಲೆ ಎರಡಾದರೂ ಉದಾಹರಣೆ ವಾಕ್ಯ ಓದಿ, ಕೊನೆಗೆ ಅರ್ಥಕ್ಕೆ ಬನ್ನಿ.

ಬರೆದುಕೊಳ್ಳುವಾಗ “ಎಕ್ಸ್‌ಪ್ಲೇನ್ - ವಿವರಿಸು” ಎಂದು ಬರೆಯಬೇಡಿ. “ಎಕ್ಸ್‌ಪ್ಲೇನ್ ಸಮ್‌ಥಿಂಗ್ ಟು ಸಮ್‌ಒನ್” ಎಂದು ಬರೆಯಿರಿ. “ಟೆಲ್ ಸಮ್‌ಒನ್ ಸಮ್‌ಥಿಂಗ್”, “ಡಿಸ್ಕಸ್ ಸಮ್‌ಥಿಂಗ್ ವಿತ್ ಸಮ್‌ಒನ್”, “ರಿಮೈಂಡ್ ಸಮ್‌ಒನ್ ಆಫ್ ಸಮ್‌ಥಿಂಗ್”. ಕೆಳಗೆ ನಿಮ್ಮದೇ ಒಂದು ಪುಟ್ಟ ವಾಕ್ಯ, ಅದರಲ್ಲಿ ಕರ್ಮದ ಜಾಗದಲ್ಲಿ ಒಂದು ಸರ್ವನಾಮ ಇರಲಿ. ಮಿ, ಹಿಮ್, ಹರ್ ರೂಪಗಳು ಕರ್ಮದ ಜಾಗವನ್ನು ಕಣ್ಣಿಗೆ ತೋರಿಸಿಕೊಡುತ್ತವೆ.

ಸಭಿಕರ ಪ್ರಶ್ನೆಗಳು

“ಐ ಗೇವ್ ಎ ಪೆನ್ ಟು ಹರ್” ಎಂಬಲ್ಲಿ “ಹರ್” ಪರೋಕ್ಷ ಕರ್ಮ ಹೌದೇ ಅಲ್ಲವೇ ಎಂದು ಒಬ್ಬರು ಕೇಳಿದ್ದೀರಿ. ಕೆಲವು ಶಾಲಾ ವ್ಯಾಕರಣಗಳು ಹೌದೆನ್ನುತ್ತವೆ. ಆಧುನಿಕ ವ್ಯಾಕರಣಗಳಲ್ಲಿ ಹಲವು ಅದನ್ನು ಟು ಎಂಬ ಪ್ರಿಪೊಸಿಷನ್ನಿನ ಕರ್ಮ ಎಂದು ಪ್ರತ್ಯೇಕಿಸುತ್ತವೆ. ಪರೀಕ್ಷೆ ಬರೆಯುವವರು ತಮ್ಮ ಪಠ್ಯದ ವಿವರಣೆಯನ್ನು ಅನುಸರಿಸಲಿ. ವಾಕ್ಯ ಕಟ್ಟುವುದಕ್ಕೆ ಹೆಸರಿಗಿಂತ ಕ್ರಮ ಮುಖ್ಯ.

ಎರಡು ಕರ್ಮವಿದ್ದರೆ ಪ್ಯಾಸಿವ್‌ನಲ್ಲಿ ಯಾವುದು ಮುಂದೆ ಬರಬೇಕು? ಎರಡೂ ಬರಬಹುದು. “ಶಿ ವಾಸ್ ಗಿವನ್ ಎ ಪೆನ್”, “ಎ ಪೆನ್ ವಾಸ್ ಗಿವನ್ ಟು ಹರ್”. ವ್ಯಕ್ತಿ ಮುಂದೆ ಬರುವುದೇ ಹೆಚ್ಚು ಬಳಕೆಯಲ್ಲಿದೆ. ಎಕ್ಸ್‌ಪ್ಲೇನ್‌ನಂಥವಕ್ಕೆ ಈ ಆಯ್ಕೆ ಇಲ್ಲ. “ಐ ವಾಸ್ ಎಕ್ಸ್‌ಪ್ಲೇನ್ಡ್ ದಿ ಪ್ರಾಬ್ಲಮ್” ತಪ್ಪು, “ದಿ ಪ್ರಾಬ್ಲಮ್ ವಾಸ್ ಎಕ್ಸ್‌ಪ್ಲೇನ್ಡ್ ಟು ಮಿ” ಸರಿ.

ಕೊನೆಯ ಪ್ರಶ್ನೆ ಕ್ರಿಯಾಪದವೇ ಇನ್ನೊಂದು ಕ್ರಿಯಾಪದಕ್ಕೆ ಕರ್ಮವಾಗುವುದರ ಬಗ್ಗೆ. ಆಗಬಹುದು, ಆದರೆ ಯಾವ ರೂಪದಲ್ಲಿ ಎಂಬುದನ್ನು ಇಲ್ಲೂ ಮೊದಲ ಕ್ರಿಯಾಪದವೇ ನಿರ್ಧರಿಸುತ್ತದೆ. ಎಂಜಾಯ್, ಅವಾಯ್ಡ್, ಫಿನಿಶ್, ಸಜೆಸ್ಟ್ ಇವಕ್ಕೆ ಇಂಗ್ ರೂಪ: “ಶಿ ಎಂಜಾಯ್ಸ್ ರೀಡಿಂಗ್”. ವಾಂಟ್, ಡಿಸೈಡ್, ಹೋಪ್, ರಿಫ್ಯೂಸ್ ಇವಕ್ಕೆ ಟು ರೂಪ: “ಶಿ ಡಿಸೈಡೆಡ್ ಟು ರೀಡ್”. ರಿಮೆಂಬರ್ ಎರಡನ್ನೂ ಒಪ್ಪುತ್ತದೆ, ಅರ್ಥ ಬೇರೆಯಾಗುತ್ತದೆ. “ಐ ರಿಮೆಂಬರ್ ಲಾಕಿಂಗ್ ದಿ ಡೋರ್” ಎಂದರೆ ಬೀಗ ಹಾಕಿದ್ದು ನೆನಪಿದೆ. “ಐ ರಿಮೆಂಬರ್ಡ್ ಟು ಲಾಕ್ ದಿ ಡೋರ್” ಎಂದರೆ ಮರೆಯದೆ ಬೀಗ ಹಾಕಿದೆ. ಸ್ಟಾಪ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. “ಹಿ ಸ್ಟಾಪ್ಡ್ ರೀಡಿಂಗ್” ಎಂದರೆ ಓದುವುದನ್ನು ನಿಲ್ಲಿಸಿದ, ರೀಡಿಂಗ್ ಅಲ್ಲಿ ಕರ್ಮ. “ಹಿ ಸ್ಟಾಪ್ಡ್ ಟು ರೀಡ್” ಎಂದರೆ ಓದುವುದಕ್ಕಾಗಿ ನಿಂತ. ಅಲ್ಲಿ ಸ್ಟಾಪ್ ಅಕರ್ಮಕ, “ಟು ರೀಡ್” ಕರ್ಮವಲ್ಲ, ಯಾಕೆ ನಿಂತ ಎಂಬುದಕ್ಕೆ ಉತ್ತರ.